ಪೆರುವಿನ ಹಲ್ಲಿ, ಬೀಜದ ಮೇಜು

ಆಗ ನನಗೆ ಎಪ್ಪತ್ತೊಂದು. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಮೊಣಗಂಟು ಕೈಕೊಟ್ಟಿತ್ತು, ಕಣ್ಣು ಆಪರೇಷನ್ ಆಗಿ ಸರಿಯಾಗಿತ್ತು, ಬಾಯಿ ಮೊದಲಿನ ಹಾಗೆಯೇ ಇತ್ತು.

ಮುಳ್ಳೇರಿಯದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅದರ ಮೇಲಿನ ಗುಡ್ಡದಲ್ಲಿ ಒಂದು ಕ್ರಿಶ್ಚಿಯನ್ನರ ಮನೆ ಉಂಟು. ಆ ಮನೆಯ ಹೆಂಗಸು ಸರಕಾರಿ ಆಸ್ಪತ್ರೆಯಲ್ಲಿ ನರ್ಸು, ಗಂಡ ಮಸ್ಕತ್ತಿನಲ್ಲಿ. ಅವಳನ್ನು ನಾನು ಬಾಯಮ್ಮ ಎಂದು ಕರೆಯುವುದು, ಅವಳು ನನ್ನನ್ನು ಅಕ್ಕ ಎನ್ನುವುದು. ನಾವು ತುಳುವಿನವರು, ಅವರು ಕೊಂಕಣಿಯವರು. ನಮ್ಮಿಬ್ಬರ ನಡುವೆ ಮಾತು ಕನ್ನಡದಲ್ಲಿ, ಜಗಳ ತುಳುವಿನಲ್ಲಿ.

ಒಂದು ದಿನ ಬಾಯಮ್ಮ ಯೂನಿಫಾರ್ಮಿನಲ್ಲೇ ನಮ್ಮ ಅಂಗಳಕ್ಕೆ ಇಳಿದು ಬಂದಳು.

“ಅಕ್ಕಾ, ಹಗಲು ಹೊತ್ತು ನಮ್ಮಲ್ಲಿ ಬಂದು ಕೂತ್ಕೊಳ್ತೀರಾ? ಮಗಳ ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ. ನಾನು ಡ್ಯೂಟಿಗೆ ಹೋದ ಕೂಡಲೇ ಒಂದೇ ಕಾಲಲ್ಲಿ ಕುಪ್ಪಳಿಸ್ತಾಳೆ.”

“ಕಟ್ಟಿ ಹಾಕು.”

“ಇಪ್ಪತ್ತೊಂಬತ್ತು ವರ್ಷದವಳನ್ನು ಎಂತ ಕಟ್ಟಿ ಹಾಕುವುದು ಅಕ್ಕಾ!”

ಈ ಮಗಳು ಅಮೆರಿಕದಲ್ಲಿದ್ದಾಳೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ಯಾವ ಅಮೆರಿಕ ಎಂದು ಯಾರೂ ಕೇಳಿರಲಿಲ್ಲ. ಅವಳಿದ್ದದ್ದು ದಕ್ಷಿಣ ಅಮೆರಿಕದ ಪೆರು ಎಂಬ ದೇಶದಲ್ಲಿ. ಅಲ್ಲಿ ಮೋಡ ಮುಟ್ಟುವ ಬೆಟ್ಟ ಹತ್ತಿ, ಒಣಗಿದ ಎಲೆ ಎತ್ತಿ, ಅಡಿಯಲ್ಲಿ ಅಡಗಿದ ಬೆರಳುದ್ದದ ಹಲ್ಲಿ ಹಿಡಿಯುವುದು ಅವಳ ಓದು. ಹಿಡಿದ ಹಲ್ಲಿ ಯಾವ ಜಾತಿ ಎಂದು ನೋಡುವುದು. ಯಾರೂ ಬರೆದಿಡದ ಜಾತಿ ಸಿಕ್ಕಿದರೆ ಅದರ ಮೈಮುಖವೆಲ್ಲ ವಿವರಿಸಿ ಬರೆದು, ಹೆಸರಿಟ್ಟು, ಪುಸ್ತಕಕ್ಕೆ ಸೇರಿಸುವುದು. ಅಷ್ಟು ವರ್ಷ ಅಂಥ ಬೆಟ್ಟದಲ್ಲಿ ಜಾರದವಳು ಚಿಕ್ಕಮ್ಮನ ಮಗಳ ಮದುವೆಗೆಂದು ಊರಿಗೆ ಬಂದಳು. ಮದುವೆಯ ಮುಂಚಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಎಂಬ ಕ್ರಮ ಅವರಲ್ಲಿ ಉಂಟು. ಅಂಗಳದಲ್ಲಿ ಚೆಲ್ಲಿದ ಆ ಹಾಲಿನ ಮೇಲೆ ಕಾಲಿಟ್ಟು ಜಾರಿ ಬಿದ್ದಳು.

“ಪೆರುವಿನಲ್ಲಿ ಬೀಳದವಳು ಹಾಲಲ್ಲಿ ಬಿದ್ದೆಯಲ್ಲ ಮಾರಾಯ್ತಿ,” ಎಂದೆ ಮೊದಲ ದಿನವೇ.

“ಅಲ್ಲಿಯ ಬೆಟ್ಟಕ್ಕೆ ಯಾರೂ ತೆಂಗಿನ ಹಾಲು ಎರೆಯುವುದಿಲ್ಲ ಅಜ್ಜಿ,” ಎಂದಳು.

ಹುಡುಗಿ ಅಡ್ಡಿಯಿಲ್ಲ ಎನಿಸಿತು.

ನನ್ನ ಕೆಲಸ ಕಷ್ಟದ್ದಲ್ಲ. ಗಂಜಿ ಬಡಿಸುವುದು, ಬಚ್ಚಲಿಗೆ ಹೋಗುವಾಗ ತೋಳು ಕೊಡುವುದು, ಕುಪ್ಪಳಿಸಿದರೆ ಬಯ್ಯುವುದು. ಅವಳು ಇಡೀ ದಿನ ಲ್ಯಾಪ್‌ಟಾಪ್ ನೋಡುತ್ತಾ ಇರುತ್ತಿದ್ದಳು. ಅದರಲ್ಲಿ ಹಲ್ಲಿಯ ಫೋಟೋ ಎಂದು ನನಗೆ ಗೊತ್ತಿತ್ತು. ನಾನು ಬಗ್ಗಿ ನೋಡಲಿಲ್ಲ. ಕೇಳಲೂ ಇಲ್ಲ. ಹಲ್ಲಿಯಲ್ಲಿ ನೋಡಲಿಕ್ಕೆ ಎಂತ ಉಂಟು?

ಆದರೆ ಆ ಮನೆಯಲ್ಲಿ ದಿನಾ ಸಂಜೆ ಹಲ್ಲಿಯ ವಿಷಯಕ್ಕೆ ಒಂದು ಜಗಳ ಇದ್ದೇ ಇತ್ತು. ಬಾಯಮ್ಮ ನನ್ನ ಹತ್ತಿರ ನ್ಯಾಯ ಕೇಳಿದ್ದರಿಂದ ಸಂಗತಿ ತಿಳಿಯಿತು.

“ನೋಡಿ ಅಕ್ಕಾ, ಇವಳಿಗೆ ಒಂದು ಬೆಟ್ಟದಲ್ಲಿ ಹನ್ನೊಂದು ಹಲ್ಲಿ ಸಿಕ್ಕಿದೆಯಂತೆ. ಹೊಸ ಜಾತಿಯಂತೆ. ಅದಕ್ಕೆ ನನ್ನ ಹೆಸರು ಇಡ್ತಾಳಂತೆ! ಎಲ್ಲರ ಮಕ್ಕಳು ತಾಯಿಯ ಹೆಸರು ಮನೆಗೆ ಇಡ್ತಾರೆ, ಅಂಗಡಿಗೆ ಇಡ್ತಾರೆ. ಇವಳಿಗೆ ಹಲ್ಲಿಯೇ ಸಿಕ್ಕಿದ್ದಾ? ಆದಿತ್ಯವಾರ ಚರ್ಚಿನ ಪೂಜೆಗೆ ಹೋದರೆ ನಾನು ಮುಖ ಎಲ್ಲಿ ಇಡುವುದು?”

“ಮಮ್ಮಾ, ಅದು ಗೌರವ.”

“ನಿನ್ನ ಗೌರವ ಗೋಡೆ ಹತ್ತಿ ನೊಣ ತಿನ್ನುತ್ತದೆ.”

“ಗೋಡೆ ಹತ್ತುವುದಿಲ್ಲ. ಅದು ನೆಲದಲ್ಲಿರುವ ಜಾತಿ.”

ನಾನು ಬಾಯಮ್ಮನ ಪರ ಹೇಳಿದೆ. ಸಂಜೆಯ ಚಹಾ ಅವಳು ಕೊಡುವುದಲ್ಲವೇ.

ಹುಡುಗಿಗೆ ಅದು ತಮಾಷೆಯ ವಿಷಯವಾಗಿರಲಿಲ್ಲ ಎಂಬುದು ಮುಂದಿನ ವಾರ ಗೊತ್ತಾಯಿತು. ಪೆರುವಿನಲ್ಲಿ ಅವಳಿಗೊಬ್ಬ ಮೇಷ್ಟ್ರು. ಬಿಳಿ ಗಡ್ಡದವರು. ನಮಗೆ ಸಂಜೆ ಆಗುವಾಗ ಅವರಿಗೆ ಬೆಳಿಗ್ಗೆ. ಅವರು ವೀಡಿಯೊ ಕಾಲ್ ಮಾಡಿ ತುಂಬ ಹೊತ್ತು ಮಾತಾಡಿದರು. ಫೋನ್ ಇಟ್ಟ ಮೇಲೆ ಹುಡುಗಿ ಲ್ಯಾಪ್‌ಟಾಪ್ ಮುಚ್ಚಿ ಆಚೆ ತಳ್ಳಿದಳು. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೇಳಿದಳು.

ಅವಳ ಹತ್ತಿರ ಒಟ್ಟು ನಲ್ವತ್ತೆರಡು ಹಲ್ಲಿಯ ಫೋಟೋ. ಮೂವತ್ತೊಂದು ಮೊದಲೇ ಎಲ್ಲರಿಗೂ ಗೊತ್ತಿರುವ ಜಾತಿಯದು, ಬೇರೆಯವರು ಹಿಡಿದು ಬಾಟ್ಲಿಗಳಲ್ಲಿ ಸ್ಪಿರಿಟ್ ಹಾಕಿ ಇಟ್ಟದ್ದು. ಉಳಿದ ಹನ್ನೊಂದು ಅವಳೇ ಹಿಡಿದದ್ದು. ಆ ಹನ್ನೊಂದು ಬೇರೆ ಜಾತಿ ಎಂದು ಅವಳ ಲೆಕ್ಕ. ಬೇರೆ ಹೌದಾದರೆ ಮೂರು ವರ್ಷದ ಕೆಲಸ ದಡ ಸೇರಿತು, ಓದು ಮುಗಿಯಿತು. ಅಲ್ಲ ಎಂದಾದರೆ ಆ ಮೂರು ವರ್ಷ ನೀರಿಗೆ. ಮೇಷ್ಟ್ರಿಗೆ ಸಂಶಯ. ಇವು ಬೇರೆ ಜಾತಿ ಎಂದು ನೀನು ಆಸೆಪಟ್ಟು ನೋಡುತ್ತಿದ್ದೀ, ಆಸೆಯ ಕಣ್ಣಿಗೆ ಬೇಕಾದ್ದೇ ಕಾಣುತ್ತದೆ ಎಂದರಂತೆ. ಹಲ್ಲಿಯ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ನಲ್ವತ್ತೆರಡನ್ನೂ ಕಲಸಿ ಕೊಡು, ಯಾವುದು ಯಾವುದೆಂದು ಹೇಳಬೇಡ, ಅವರು ಬೇರೆ ಮಾಡಲಿ. ನಿನ್ನ ಹನ್ನೊಂದು ತಾನಾಗಿ ಒಂದು ಕಡೆ ಬಂದರೆ ನಾನು ಒಪ್ಪುತ್ತೇನೆ ಎಂದರಂತೆ.

“ಏನೂ ಗೊತ್ತಿಲ್ಲದವರು ಬೇಕಾದರೆ ದೂರ ಯಾಕೆ ಹೋಗ್ಬೇಕು?” ಎಂದಳು ಬಾಯಮ್ಮ, ನನ್ನ ಕಡೆ ಕೈ ತೋರಿಸಿ. “ಅಕ್ಕನಷ್ಟು ಗೊತ್ತಿಲ್ಲದವರು ಈ ಪಂಚಾಯತಿನಲ್ಲೇ ಇಲ್ಲ.”

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಕ್ಷರಕ್ಕಿಂತ ಅಂಕೆ ನನಗೆ ಸಲೀಸು. ಬಾಯಮ್ಮ ಹೇಳಿದ್ದು ಸುಳ್ಳಲ್ಲ. ಆದರೆ ಬೇರೆ ಮಾಡುವ ಕೆಲಸ ನನಗೆ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಜಿಲ್ಲೆಯದೇ ಅನಂತಪುರದ ಕಡೆಯ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಗ್ರೇಡಿಂಗ್ ಮೇಜಿನಲ್ಲಿ ಕೂತವಳು ನಾನು. ಸಿಪ್ಪೆ ಹೋದ ಬೀಜ ಮುಂದೆ ಬಂದು ರಾಶಿ ಬೀಳುತ್ತದೆ. ದೊಡ್ಡದು ಇನ್ನೂರ ನಲ್ವತ್ತು, ಅದಕ್ಕಿಂತ ಸಣ್ಣದು ಮುನ್ನೂರ ಇಪ್ಪತ್ತು. ಒಂದು ಪೌಂಡಿಗೆ ಎಷ್ಟು ಬೀಜ ಹಿಡಿಯುತ್ತದೋ ಅದೇ ಅದರ ನಂಬ್ರ. ಬಿಳಿ ಬೇರೆ, ಕರಟಿದ್ದು ಬೇರೆ, ಎರಡಾಗಿ ಸೀಳಿದ್ದು ಬೇರೆ. ಕೈ ತಾನಾಗಿ ಓಡುತ್ತದೆ, ಬಾಯಿ ಪಕ್ಕದವಳ ಹತ್ತಿರ ಊರಿನ ಸುದ್ದಿ ಹೇಳುತ್ತಿರುತ್ತದೆ.

“ಫೋಟೋ ಕಾಗದದಲ್ಲಿ ಬೇಕು,” ಎಂದೆ. “ಆ ಡಬ್ಬಿಯೊಳಗೆ ಒಂದೊಂದೇ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಎಲ್ಲವೂ ಮೇಜಿನ ಮೇಲೆ ಬೀಳಬೇಕು.”

ಹುಡುಗಿ ಫೋಟೋಗಳನ್ನು ಮುಳ್ಳೇರಿಯದ ಜೆರಾಕ್ಸ್ ಅಂಗಡಿಯವನ ಫೋನಿಗೆ ಕಳಿಸಿದಳು. ತರಲು ಆಟೋದಲ್ಲಿ ಹೋದದ್ದು ನಾನು. ಅವನು ಒಂದೊಂದೇ ಹಾಳೆ ಹೊರಗೆ ಬರುವುದನ್ನು ನೋಡುತ್ತಾ ನನ್ನನ್ನೂ ನೋಡುತ್ತಿದ್ದ. ಒಂದು ಹಾಳೆಗೆ ಒಂದು ಹಲ್ಲಿ. ಮೇಲೆ ತಲೆ ದೊಡ್ಡದಾಗಿ, ಕೆಳಗೆ ಇಡೀ ಮೈ ಅಡ್ಡಕ್ಕೆ, ಪಕ್ಕದಲ್ಲಿ ಉದ್ದ ತೋರಿಸುವ ಸ್ಕೇಲು.

“ಎಂತ ಅಜ್ಜಿ ಇದು? ಯಾರಿಗಾದರೂ ಮಾಟ ಮಾಡ್ಲಿಕ್ಕುಂಟಾ?”

“ಉಂಟು. ಕಲರ್ ಸರಿ ಬರದಿದ್ದರೆ ನಿನಗೇ.”

ಕಲರ್ ಬಹಳ ಚೆನ್ನಾಗಿ ಬಂತು. ನನ್ನ ಮರ್ಯಾದೆ ಹೋದದ್ದೂ ಅದರಿಂದಲೇ.

ಊಟದ ಮೇಜನ್ನು ಕಿಟಕಿಯ ಹತ್ತಿರ ಎಳೆಸಿ, ಬಿಳಿ ವಸ್ತ್ರ ಹಾಸಿ, ಕೈ ತೊಳೆದು ಕೂತೆ. ಹುಡುಗಿ ಪ್ರತಿ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು, ಅದನ್ನು ತಿರುಗಿಸಿ ನೋಡಬಾರದು ಎಂದು ಕರಾರು. ಒಂದು ಗಂಟೆಯೊಳಗೆ ಮೂರು ರಾಶಿ ಮಾಡಿ ಮುಗಿಸಿದೆ. ಒಂದೂ ಉಳಿಯಲಿಲ್ಲ. ಇಷ್ಟು ಸಲೀಸು ಕೆಲಸಕ್ಕೆ ಇವಳು ಮೂರು ವರ್ಷ ಪೆರುವಿನಲ್ಲಿ ಎಂತ ಮಾಡುತ್ತಿದ್ದಳು ಎಂದು ಅನಿಸಿತು, ಅದನ್ನು ಹೇಳಿಯೂ ಬಿಟ್ಟೆ.

ಹುಡುಗಿ ಹಾಳೆ ತಿರುಗಿಸಿ ನೋಡಿದಳು. ಎರಡನೇ ರಾಶಿ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಪ್ಲಾಸ್ಟರ್ ಹಾಕಿದ ಕಾಲು ಸ್ಟೂಲಿನ ಮೇಲೆ ದಡದಡ ಬಡಿಯಿತು.

“ಅಜ್ಜಿ, ನೀವು ಹಲ್ಲಿ ಬೇರೆ ಮಾಡಿದ್ದಲ್ಲ, ಬಾಟ್ಲಿ ಬೇರೆ ಮಾಡಿದ್ದು!”

ಸಂಗತಿ ಇಷ್ಟೆ. ನಾನು ಬಿಳಿಚಿದ್ದು ಒಂದು ಕಡೆ, ಕಂದು ಒಂದು ಕಡೆ, ಕಪ್ಪಾದದ್ದು ಒಂದು ಕಡೆ ಹಾಕಿದ್ದೆ. ಬೀಜದಲ್ಲಿ ಮೊದಲು ನೋಡುವುದು ಕರಟಿದ್ದನ್ನೇ. ಒಂದು ಕರಟಿದ ಬೀಜ ಬಿಳಿಯದರೊಳಗೆ ಹೋದರೆ ಮೇಸ್ತ್ರಿಯ ಬಾಯಿಗೆ ನಾವು ಬೀಜ. ಆದರೆ ಸ್ಪಿರಿಟಿನಲ್ಲಿ ಬಿದ್ದ ಹಲ್ಲಿ ವರ್ಷ ಹೋದ ಹಾಗೆ ಬಣ್ಣ ಕೆಡುತ್ತದಂತೆ. ಕಪ್ಪು ರಾಶಿ ಎಂದರೆ ಹಳೆಯ ಬಾಟ್ಲಿ, ಕಂದು ಎಂದರೆ ನಡುವಿನದು, ಬಿಳಿಚಿದ್ದು ಎಂದರೆ ಮೊನ್ನೆ ಮೊನ್ನೆ ಹಾಕಿದ್ದು. ಅಂಥದ್ದರಲ್ಲಿ ಇವಳ ಹಲ್ಲಿಯೂ ಇತ್ತು, ಬೇರೆಯವರದ್ದೂ ಇತ್ತು.

“ಮತ್ತೆ ಅದನ್ನು ಮೊದಲೇ ಹೇಳ್ಲಿಕ್ಕೆ ಎಂತ ರೋಗ ನಿಂಗೆ?”

“ಹೇಳಬಾರದು ಅಂತಲೇ ಅಲ್ವಾ ಅಜ್ಜಿ ಕರಾರು!”

ಬಾಯಮ್ಮ ಬಂದು ಕೇಳಿ ಅವಳೂ ನಕ್ಕಳು. ಸಂಜೆ ಮೇಷ್ಟ್ರು ಫೋನಿನಲ್ಲಿ ಗಡ್ಡ ಹಿಡಿದುಕೊಂಡು ನಕ್ಕರು. ಒಂದೇ ದಿನ ಎರಡು ದೇಶದಲ್ಲಿ ನಗೆಪಾಟಲಾದವರು ನಮ್ಮ ಕುಟುಂಬದಲ್ಲಿ ಬೇರೆ ಯಾರೂ ಇಲ್ಲ. ಆದರೆ ಮೇಷ್ಟ್ರು ನಕ್ಕು ಸುಮ್ಮನಿರಲಿಲ್ಲ. ಬಣ್ಣ ತೆಗೆದು ಇವರಿಗೇ ಪುನಃ ಕೊಡು ಎಂದರು. ಇಷ್ಟು ಸರಿಯಾಗಿ ಬಾಟ್ಲಿ ಬೇರೆ ಮಾಡಿದವರ ಕಣ್ಣು ಬಿಡಬೇಡ ಎಂದರಂತೆ. ಮನುಷ್ಯನಿಗೆ ಬುದ್ಧಿ ಉಂಟು.

ಮರುದಿನ ಕಪ್ಪು ಬಿಳುಪಿನ ಹಾಳೆ ಬಂತು. ಮೊದಲ ಗಂಟೆ ನನಗೆ ಏನೂ ಕಾಣಲಿಲ್ಲ. ನಲ್ವತ್ತೆರಡೂ ಒಂದೇ ತಾಯಿಯ ಮಕ್ಕಳ ಹಾಗೆ. ಫ್ಯಾಕ್ಟರಿಯಲ್ಲೂ ಬೆಳಿಗ್ಗೆ ಮೊದಲ ತಟ್ಟೆ ಹಾಗೆಯೇ; ಕಣ್ಣು ಬಿಸಿಯಾಗಲು ಹೊತ್ತು ಬೇಕು. ಆಮೇಲೆ ಒಂದೊಂದಾಗಿ ಕಾಣಲು ತೊಡಗಿತು. ಬೆನ್ನಿನ ಮೇಲೆ ಹೆಂಚು ಹೊದಿಸಿದ ಹಾಗೆ ಹುರುಪೆ. ಹಣೆಯ ಮೇಲೆ ಉಗುರಿನಂಥ ಬಿಲ್ಲೆಗಳು, ಒಂದಕ್ಕೊಂದು ತಾಗಿಕೊಂಡು. ಕೆಲವಕ್ಕೆ ಪಕ್ಕೆಯಲ್ಲಿ ಸಾಲಾಗಿ ಬಿಳಿ ಚುಕ್ಕೆ.

ಹುಡುಗಿ ಎದುರಿನ ಕುರ್ಚಿಯಲ್ಲಿ ಕೂತು ಬಾಳೆಕಾಯಿ ಚಿಪ್ಸ್ ತಿನ್ನುತ್ತಿದ್ದಳು. ಕರುಂ ಕುರುಂ ಎಂದು ಒಂದೇ ಸಮನೆ ಶಬ್ದ. ನಾನು ಒಂದು ಹಾಳೆ ಎತ್ತಿದೆ, ಶಬ್ದ ನಿಂತಿತು. ಕೆಳಗಿಟ್ಟೆ, ಶಬ್ದ ಪುನಃ ಶುರು. ಎರಡು ಹಾಳೆಯ ನಂತರ ಇನ್ನೊಂದು ಎತ್ತಿದೆ, ನಿಂತಿತು. ಮೂರನೆಯದು ಬಂದಾಗ ಬೇಕೆಂದೇ ಅದನ್ನು ಎರಡು ಸಲ ಎತ್ತಿ ಇಳಿಸಿ ನೋಡಿದೆ. ರೇಡಿಯೊದ ಕಿವಿ ತಿರುಗಿಸಿದ ಹಾಗೆ ನಿಂತು ಶುರುವಾಗಿ ನಿಂತಿತು.

“ಮಗಾ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸು.”

“ಯಾಕೆ ಅಜ್ಜಿ?”

“ನಿನ್ನ ಹಲ್ಲಿ ಬಂದಾಗ ನಿನ್ನ ಹಲ್ಲು ನಿಲ್ಲುತ್ತದೆ.”

ಅವಳ ಮುಖ ಕೆಂಪಾಯಿತು. ಕುರ್ಚಿ ತಿರುಗಿಸಿ, ಯೇಸುವಿನ ಪಟದ ಎದುರು ಕೂರಿಸಿ, ಏನಾದರೂ ಹೇಳಲಿಕ್ಕಿದ್ದರೆ ಅಲ್ಲಿ ಹೇಳಿಕೋ ಎಂದೆ. ಚಿಪ್ಸಿನ ಪ್ಯಾಕೇಟು ನಾನು ತೆಗೆದುಕೊಂಡೆ. ಒಳ್ಳೆಯ ಚಿಪ್ಸು.

ಅಷ್ಟರೊಳಗೆ ಅವಳ ಮೂರು ಹಾಳೆ ನನಗೆ ಗೊತ್ತಾಗಿತ್ತು. ಮೂರಕ್ಕೂ ಪಕ್ಕೆಯಲ್ಲಿ ಬಿಳಿ ಚುಕ್ಕೆ. ಅಂದರೆ ಚುಕ್ಕೆಯದೆಲ್ಲ ಒಂದು ಕಡೆ ಹಾಕಿದರೆ ಅವಳಿಗೆ ಬೇಕಾದ ರಾಶಿ ಸಿಗುತ್ತದೆ, ಹತ್ತು ನಿಮಿಷದ ಕೆಲಸ, ಸಂಜೆ ಎಲ್ಲರೂ ಸಂತೋಷದಲ್ಲಿ ಚಹಾ ಕುಡಿಯಬಹುದು. ಅವಳ ಬೆನ್ನು ನೋಡಿದರೆ ಹಾಗೆ ಮಾಡುವ ಎಂದೂ ಅನಿಸಿತು. ಕುತ್ತಿಗೆ ಬಿಗಿ ಹಿಡಿದು, ಪಟದ ಎದುರು ಅಲುಗಾಡದೆ ಕೂತಿದ್ದಳು. ಆದರೆ ರಾಶಿ ಕಲಸಿದವಳನ್ನು ನಮ್ಮಲ್ಲಿ ಮೇಜಿನಿಂದ ಎಬ್ಬಿಸುತ್ತಾರೆ, ಎಲ್ಲರೂ ನೋಡುತ್ತಿರುವಾಗ. ಮೂವತ್ತು ವರ್ಷ ನನ್ನನ್ನು ಯಾರೂ ಎಬ್ಬಿಸಿರಲಿಲ್ಲ. ಒಂದು ಹಲ್ಲಿಗಾಗಿ ಏಳಲಿಕ್ಕೆ ನನಗೆ ಮನಸ್ಸಿಲ್ಲ. ಎಲ್ಲ ಹಾಳೆ ಕಲಸಿ ಮೊದಲಿನಿಂದ ತೆಗೆದೆ.

ಮೇಜು ಸಾಲದೆ ನೆಲಕ್ಕೆ ಇಳಿದೆ. ಸ್ಕೇಲಿನ ಅಂಕೆ ನೋಡಿ, ಎಲ್ಲಕ್ಕಿಂತ ಸಣ್ಣದರಿಂದ ಎಲ್ಲಕ್ಕಿಂತ ದೊಡ್ಡದರವರೆಗೆ, ಚಾವಡಿಯ ಈ ಗೋಡೆಯಿಂದ ಜಗಲಿಯ ಬಾಗಿಲಿನವರೆಗೆ ಒಂದೇ ಸಾಲಾಗಿ ಇಟ್ಟೆ. ಮೊಣಗಂಟು ಬೊಬ್ಬೆ ಹೊಡೆಯಿತು. ಸಾಲಿನ ಪಕ್ಕದಲ್ಲಿ ಕುಂಡೆ ಜಾರಿಸಿಕೊಂಡು ಹೋಗಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಸಣ್ಣದಕ್ಕೆ ಚುಕ್ಕೆ ನಿಚ್ಚಳ. ಸ್ವಲ್ಪ ದೊಡ್ಡದಾದರೆ ಚುಕ್ಕೆ ಮಸುಕು, ಮತ್ತೂ ದೊಡ್ಡದಾದರೆ ಎರಡೋ ಮೂರೋ, ಕೊನೆಗೆ ಇಲ್ಲವೇ ಇಲ್ಲ. ಇಲ್ಲಿಗೆ ಒಂದು ಜಾತಿ ಮುಗಿಯಿತು, ಇಲ್ಲಿಂದ ಇನ್ನೊಂದು ಎಂದು ಕತ್ತರಿ ಹಾಕುವ ಜಾಗವೇ ಸಿಗಲಿಲ್ಲ.

ಆದರೆ ನಾಲ್ಕು ಹಾಳೆ ಆ ಸಾಲಿನಲ್ಲಿ ಕೂರಲಿಲ್ಲ. ಸಣ್ಣದರ ನಡುವೆ ಇಟ್ಟರೂ ಚುಕ್ಕೆ ಇಲ್ಲ, ದೊಡ್ಡದರ ನಡುವೆ ಇಟ್ಟರೆ ಮೂತಿ ಮೊಂಡು. ಊಟದ ಹೊತ್ತಿನವರೆಗೂ ಆ ನಾಲ್ಕನ್ನು ಆಚೆ ಈಚೆ ಮಾಡಿದೆ. ಆಮೇಲೆ ಹಣೆ ನೋಡಿದೆ. ಉಳಿದ ಎಲ್ಲಕ್ಕೂ ಮೂಗಿನ ಹಿಂದೆ ಎರಡು ಬಿಲ್ಲೆ, ಮಗುವಿನ ಎದುರಿನ ಹಲ್ಲಿನ ಹಾಗೆ ಜೋಡಿ. ಈ ನಾಲ್ಕಕ್ಕೆ ಒಂದೇ ಬಿಲ್ಲೆ, ಅಗಲವಾಗಿ. ನಾಲ್ಕಕ್ಕೂ.

“ತಿರುಗು,” ಎಂದೆ. “ಆಯಿತು.”

ಅವಳು ಊರುಗೋಲಿನಲ್ಲಿ ಬಂದು ಮೊದಲು ನಾಲ್ಕು ಹಾಳೆಯ ಹಿಂದೆ ನೋಡಿದಳು. ಒಂದೂ ಅವಳದಲ್ಲ. ನಾಲ್ಕೂ ಯಾವುದೋ ಹಳೆಯ ಬಾಟ್ಲಿಯದು, ಅವಳು ಹೋಗದ ಯಾವುದೋ ಕಣಿವೆಯಲ್ಲಿ ಯಾರೋ ಹಿಡಿದದ್ದು. ಆಮೇಲೆ ಉದ್ದದ ಸಾಲನ್ನು ಒಂದೊಂದಾಗಿ ತಿರುಗಿಸುತ್ತಾ ಹೋದಳು. ಅವಳ ಹನ್ನೊಂದು ಸಾಲಿನ ಮೊದಲ ಅರ್ಧದಲ್ಲಿ ಬೇರೆಯವರ ಹಲ್ಲಿಗಳ ನಡುವೆ ಹಂಚಿಹೋಗಿದ್ದವು.

“ನಿಮಗೆ ಕಣ್ಣು ಕಾಣುವುದಿಲ್ಲ,” ಎಂದಳು.

“ನಿನ್ನ ಅಮ್ಮನೇ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದ್ದು. ಅವಳ ಹತ್ತಿರ ಹೇಳು.”

“ಚುಕ್ಕೆ ಕಾಣುವುದಿಲ್ಲವಾ ನಿಮಗೆ? ನನ್ನ ಹನ್ನೊಂದಕ್ಕೂ ಚುಕ್ಕೆ ಉಂಟು!”

“ಬೇರೆ ಸಣ್ಣದಕ್ಕೂ ಉಂಟು. ನೋಡು ಇಲ್ಲಿ, ಇಲ್ಲಿ. ಮಗಾ, ಇನ್ನೂರ ನಲ್ವತ್ತೂ ಮುನ್ನೂರ ಇಪ್ಪತ್ತೂ ಒಂದೇ ಮರದಲ್ಲಿ ಆಗುತ್ತದೆ. ಬೇರೆ ಡಬ್ಬಿಗೆ ಹೋಗುತ್ತದೆ ಅಂತ ಮರ ಎರಡಾಗುವುದಿಲ್ಲ. ನೀನು ಹಿಡಿದದ್ದು ಮುನ್ನೂರ ಇಪ್ಪತ್ತು.”

ಅವಳು ಊರುಗೋಲನ್ನು ನೆಲಕ್ಕೆ ಹಾಕಿದಳು. ಹಾಕಿದಳು ಎಂದರೆ ಎಸೆದಳು. ಅದು ಜಾರಿ ಹೋಗಿ ಸಾಲಿನ ದೊಡ್ಡ ಹಲ್ಲಿಗಳನ್ನೆಲ್ಲ ಚದುರಿಸಿತು. ಇದು ಗೇರುಬೀಜ ಅಲ್ಲ ಎಂದಳು, ಜ್ಞಾನ ಎಂದಳು, ಇನ್ನೂ ಏನೇನೋ ಕೊಂಕಣಿಯಲ್ಲಿ ಹೇಳಿದಳು. ನಾನು ಬಿದ್ದ ಊರುಗೋಲು ತಂದುಕೊಟ್ಟೆ.

“ಹೊಸ ಗುರುತು ಹಾಕಿ ಪುನಃ ಕಲಸು,” ಎಂದೆ. “ಪುನಃ ಮಾಡುತ್ತೇನೆ. ಕಣ್ಣು ಕಾಣದವಳಿಗೆ ಎರಡನೇ ಸಲ ಅದೇ ಬರುವುದಿಲ್ಲವಲ್ಲ.”

ಅವಳು ಹಟದಲ್ಲಿ ಹಳೆಯ ಗುರುತು ಅಳಿಸಿ ಹೊಸತು ಹಾಕಿದಳು. ಹಾಳೆಗಳನ್ನು ಇಸ್ಪೀಟಿನ ಹಾಗೆ ಕಲಸಿದಳು. ಈ ಸಲ ಅವಳು ಗೋಡೆಗೆ ಸಹ ಮುಖ ಮಾಡಲಿಲ್ಲ, ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ಗಂಟೆಯೊಳಗೆ ಸಾಲು ಮುಗಿಯಿತು. ಪಕ್ಕಪಕ್ಕದ ಎರಡು ಹಲ್ಲಿ ಜಾಗ ಬದಲಿಸಿದ್ದು ಬಿಟ್ಟರೆ ಅದೇ ಸಾಲು. ಹೊರಗೆ ಉಳಿದದ್ದು ಅದೇ ನಾಲ್ಕು.

ಅವಳು ಈಗ ಬೊಬ್ಬೆ ಹಾಕಲಿಲ್ಲ. ಆ ನಾಲ್ಕರ ಫೋಟೋವನ್ನು ಲ್ಯಾಪ್‌ಟಾಪಿನಲ್ಲಿ ತೆಗೆದು, ದೊಡ್ಡದು ಮಾಡಿ, ಮತ್ತೂ ದೊಡ್ಡದು ಮಾಡಿ, ಹಣೆ ಪರದೆ ತುಂಬುವಷ್ಟು ಮಾಡಿ ನೋಡಿದಳು.

“ಈ ಬಾಟ್ಲಿಯನ್ನು ನಾನು ಕೈಯಲ್ಲಿ ಹಿಡಿದದ್ದುಂಟು ಅಜ್ಜಿ,” ಎಂದಳು. “ಫೋಟೋ ತೆಗೆದದ್ದು ನಾನೇ. ನನ್ನ ಹನ್ನೊಂದರ ಚುಕ್ಕೆ ಎಣಿಸಲಿಕ್ಕೆ ಇದ್ದದ್ದರಿಂದ ಇದರ ತಲೆ ನೋಡಲೇ ಇಲ್ಲ.”

“ಹ್ಞಾಂ.”

“ಸಾರ್ ಹತ್ತಿರ ಎಂತ ಹೇಳುವುದು?”

“ನಿನಗೆ ಇಂಗ್ಲಿಷ್ ಬರುತ್ತದೆ, ನನಗೆ ಬರುವುದಿಲ್ಲ.”

ಅವಳು ಉಗುರು ಕಚ್ಚಿದಳು. ಆಮೇಲೆ ಸಣ್ಣ ಸ್ವರದಲ್ಲಿ ಹೇಳಿದಳು: “ಅಜ್ಜಿಗೆ ಮಾಡ್ಲಿಕ್ಕೆ ಆಗಲಿಲ್ಲ, ಬೇರೆ ಯಾರಾದರೂ ನೋಡಲಿ ಅಂತ ಹೇಳಿದರೆ?”

“ಹೇಳು. ನಾನು ಪಕ್ಕದಲ್ಲೇ ಇರುತ್ತೇನೆ.”

ಬಾಯಮ್ಮ ಡ್ಯೂಟಿಯಿಂದ ಬರುವ ಹೊತ್ತಿಗೇ ಮೇಷ್ಟ್ರ ಕಾಲ್ ಬಂತು. ಹುಡುಗಿ ಮಾತಾಡಲು ಶುರುಮಾಡಿದಳು. ಇಂಗ್ಲಿಷಿನಲ್ಲಿ, ತಲೆ ತಗ್ಗಿಸಿ, ನಿಧಾನಕ್ಕೆ. ಎಂತ ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ತಲೆ ತಗ್ಗಿಸಿ ಮಾತಾಡುವವರನ್ನು ನಂಬುವುದು ನನ್ನ ಕ್ರಮ ಅಲ್ಲ. ನಾನು ಆ ನಾಲ್ಕು ಹಾಳೆಯನ್ನು ಇಸ್ಪೀಟಿನ ಎಲೆಯ ಹಾಗೆ ಬಿಡಿಸಿ, ಅವಳ ಹೆಗಲ ಮೇಲಿನಿಂದ ಕೈ ಚಾಚಿ, ಕ್ಯಾಮರಾದ ಎದುರು ಹಿಡಿದೆ. ಇನ್ನೊಂದು ಕೈಯ ಬೆರಳಿನಲ್ಲಿ ಹಣೆ ತೋರಿಸಿದೆ. ಮೊದಲು ಹಲ್ಲಿಯದು, ಅರ್ಥ ಆಗದಿದ್ದರೆ ಎಂದು ಆಮೇಲೆ ನನ್ನದು.

ಮೇಷ್ಟ್ರು ಮುಂದಕ್ಕೆ ಬಾಗಿದರು. ಕನ್ನಡಕ ತೆಗೆದರು. ಪರದೆಗೆ ಎಷ್ಟು ಹತ್ತಿರ ಬಂದರು ಎಂದರೆ ನಮಗೆ ಒಂದು ಕಣ್ಣು ಮತ್ತು ಅರ್ಧ ಗಡ್ಡ ಮಾತ್ರ ಕಂಡಿತು. ಆಮೇಲೆ ಅವರು ಎದ್ದು ಹೋದರು, ಯಾವುದೋ ದಪ್ಪ ಪುಸ್ತಕ ತಂದರು, ನಿಂತೇ ಹಾಳೆ ಮಗುಚಿದರು. ಇಬ್ಬರೂ ಒಟ್ಟಿಗೇ ಮಾತಾಡಲು ತೊಡಗಿದರು. ಹುಡುಗಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು, ಮೂಗನ್ನು ನನ್ನ ಸೆರಗಿಗೆ ಒರಸಿದಳು.

ಕಾಲ್ ಮುಗಿದ ಮೇಲೆ ನನ್ನ ಮೇಲೆ ಹರಿಹಾಯ್ದಳು. “ನಾನು ಸತ್ಯವೇ ಹೇಳ್ತಾ ಇದ್ದೆ! ನೀವು ಮಧ್ಯೆ ಕೈ ಹಾಕಿದ್ದು ಯಾಕೆ?”

ಇರಬಹುದು. ಈಗಲೂ ಹಾಗೆಯೇ ಹೇಳುತ್ತಾಳೆ.

ತೀರ್ಮಾನ ಇಷ್ಟು: ಹನ್ನೊಂದು ಹೊಸ ಜಾತಿಯಲ್ಲ, ಗೊತ್ತಿರುವ ಜಾತಿಯದೇ ಮರಿಗಳು. ಮೂರು ವರ್ಷ ಹೋಯಿತು. ನಾಲ್ಕು ಹೊಸತಿರಬಹುದು; ಆದರೆ ಹಳೆಯ ಬಾಟ್ಲಿಯ ನಾಲ್ಕು ಹೆಣ ಸಾಲದು, ಆ ಕಣಿವೆಗೆ ಹೋಗಿ ಜೀವ ಇರುವುದನ್ನು ಹಿಡಿಯಬೇಕು. ಕಾಲು ಸರಿಯಾದ ಮೇಲೆ ಇನ್ನೂ ಒಂದು ವರ್ಷ. ಅಷ್ಟರವರೆಗೆ ಫೋಟೋ ನೋಡಿ ತಲೆಯ ಬಿಲ್ಲೆ ಒಂದೊಂದನ್ನೂ ಎಣಿಸಿ ವಿವರ ಬರೆಯಲು ಶುರುಮಾಡು ಎಂದರಂತೆ.

ಬಾಯಮ್ಮ ಚೀಲ ಕೆಳಗಿಡದೆ ಎಲ್ಲ ಕೇಳಿದಳು.

“ಹಾಗಾದರೆ ನನ್ನ ಹೆಸರು?”

“ಇಡ್ಲಿಕ್ಕೆ ಹಲ್ಲಿಯೇ ಇಲ್ಲ ಮಮ್ಮಾ.”

ಬಾಯಮ್ಮ ಎದೆಯ ಮೇಲೆ ಶಿಲುಬೆ ಗುರುತು ಹಾಕಿ ದೇವರಿಗೆ ಸ್ತೋತ್ರ ಹೇಳಿದಳು. ಇನ್ನೂ ಒಂದು ವರ್ಷ ಎಂಬ ಮಾತು ಅವಳ ತಲೆಗೆ ಹೋದದ್ದು ಆಮೇಲೆ. ಆಗ ಸೋಫಾದಲ್ಲಿ ಕೂತು ಅತ್ತಳು. ಆ ಹೊತ್ತಿನ ಚಹಾ ನಾನೇ ಮಾಡಬೇಕಾಯಿತು.

ಚಹಾ ಕುಡಿಯುವಾಗ ಹುಡುಗಿ ನನ್ನನ್ನು ಒಂದು ಥರ ನೋಡಿ ಹೇಳಿದಳು: “ನಾಲ್ಕೂ ಹೊಸ ಜಾತಿ ಅಂತಾದರೆ ನಿಮ್ಮ ಹೆಸರೇ ಇಡುವುದು ಅಜ್ಜಿ.”

“ಬೇಡ. ನನ್ನ ಸೊಸೆಯ ಹೆಸರು ಇಡು. ಅವಳ ಹಣೆಯೂ ಅಗಲ ಉಂಟು.”

ಬಾಯಮ್ಮ ಅಳುತ್ತಿದ್ದವಳು ಚಹಾ ನೆತ್ತಿಗೇರಿಸಿಕೊಂಡಳು.

“ನಾಳೆಯಿಂದ ನೀವು ಬಿಲ್ಲೆ ಎಣಿಸಿ, ನಾನು ಬರೆಯುತ್ತೇನೆ,” ಎಂದಳು ಹುಡುಗಿ, ನಾನು ಹೊರಡುವಾಗ. “ಕಾಗದದಲ್ಲಿ ಅರ್ಥ ಆಗದಿದ್ದರೆ ನಮ್ಮ ಊರಿನ ಅರಣೆಯನ್ನು ನೋಡಿ. ಅದರ ತಲೆಯ ಮೇಲೂ ಹೀಗೆಯೇ ಬಿಲ್ಲೆ ಉಂಟು.”

ಎಪ್ಪತ್ತೊಂದು ವರ್ಷದಿಂದ ಅಂಗಳದಲ್ಲಿ ಅರಣೆ ನೋಡುತ್ತಿದ್ದೆ; ಘಟ್ಟದ ಮೇಲಿನವರು ಹಾವುರಾಣಿ ಎನ್ನುವುದು ಇದನ್ನೇ. ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚಿ ಎಲೆಯ ಅಡಿಗೆ ನುಗ್ಗುವುದು. ಅದರ ತಲೆಯ ಮೇಲೆ ಎಂತ ಉಂಟು ಎಂದು ಒಮ್ಮೆಯೂ ನೋಡಿದವಳಲ್ಲ.

ಮರುದಿನ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಮೀನಿನ ಬುಟ್ಟಿ ಹಿಡಿದು ಬಾವಿಯ ಹಿಂದಿನ ತೆಂಗಿನ ಸಿಪ್ಪೆಯ ರಾಶಿಯ ಹತ್ತಿರ ಹೋದೆ. ಬಿಸಿಲು ಬರುವ ಮೊದಲು ಅರಣೆಗೆ ಚುರುಕು ಇರುವುದಿಲ್ಲ. ನಾಲ್ಕನೇ ಸಿಪ್ಪೆ ಎತ್ತುವಾಗ ಒಂದು ಸಿಕ್ಕಿತು. ಬುಟ್ಟಿ ಕವುಚಿ ಹಾಕಿ, ಅಂಚಿನಿಂದ ಕೈ ತೂರಿಸಿ, ಕುತ್ತಿಗೆ ಹಿಡಿದು ಹೊರಗೆ ತೆಗೆದೆ. ಮೂಗಿನ ತುದಿಯಲ್ಲಿ ಒಂದು ಬಿಲ್ಲೆ. ಅದರ ಹಿಂದೆ ಒಂದು ಅಗಲದ್ದು. ಅದರ ಹಿಂದೆ ಜೋಡಿ.

ಸೊಸೆ ಪಾತ್ರೆ ತೊಳೆಯಲು ಬಂದವಳು ನೋಡಿ ಕಿರುಚಿದಳು. “ಅತ್ತೇ! ಬಿಡಿ ಅದನ್ನು! ಅರಣೆ ಕಚ್ಚಿದರೆ ಆಗಲೇ ಸಾವಂತೆ!”

“ಬೊಬ್ಬೆ ಹಾಕಬೇಡ,” ಎಂದೆ. “ಎಣಿಕೆ ತಪ್ಪುತ್ತದೆ.”

ತಪ್ಪಿಯೇ ಹೋಯಿತು. ಅದು ಮೈ ಕೊಡವಿ ಬಾಲ ಕಳಚಿಟ್ಟು ಸಿಪ್ಪೆಯೊಳಗೆ ನುಗ್ಗಿತು. ನೆಲದಲ್ಲಿ ಕುಣಿಯುತ್ತಿದ್ದ ಬಾಲವನ್ನು ಕಾಲಲ್ಲಿ ಬದಿಗೆ ಸರಿಸಿ, ಐದನೇ ಸಿಪ್ಪೆ ಎತ್ತಿದೆ.